ತಂಬೂರಿಗೂ ಒಂದು ಖೋಲಿ ಬೇಡವೆ?

ಅಲಖನೂರದಿಂದ ಬಸ್ ಹಿಡಿದು ಕಾಲೇಜಿಗೆ ಹೋಗುವ ಹುಡುಗನೊಬ್ಬನ ಕಂಠ ಚಲೋ ಐತಿ ಅಂತ ಇಟ್ಟುಕೊಳ್ಳಿ. ಭಜನಿಯೊಳಗ ಹಾಡಿದವ, ಪಾರಿಜಾತದ ಆಟ ಬಂದರೆ ಬೆಳತನಕ ಕಣ್ಣು ಮುಚ್ಚದವ. ಕಾಲೇಜಿನಲ್ಲಿ ಅವ ಎಲ್ಲಿ ಕೂತು ಹಾಡಬೇಕು? ವರ್ಷಕ್ಕೊಮ್ಮೆ ಗ್ಯಾದರಿಂಗಿಗೆ ಪೆಂಡಾಲು, ಬಾಡಿಗೆ ಮೈಕು. ಮರುದಿನ ಎಲ್ಲಾ ಬಿಚ್ಚಿ ಟ್ರಾಕ್ಟರಿಗೆ.

ಸಂಗೀತ ನಮಗೆ ದೂರದ್ದೇನಲ್ಲ. ರಾಯಬಾಗದಲ್ಲಿ ರೈಲು ಹತ್ತಿದರೆ ಮಿರಜ. ಅಲ್ಲಿಯ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿ.ಐ. ಮುದ್ರೆಯೂ ಬಿತ್ತು. ಮಲ್ಲಿಕಾರ್ಜುನ ಮನಸೂರರು ಹುಡುಗರಿದ್ದಾಗ ಕಲಿತದ್ದು ಮಿರಜದ ನೀಲಕಂಠ ಬುವಾ ಅವರ ಹತ್ತಿರ. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ವಿಭಾಗ ನಡೆಸಿದವರೂ ಅವರೇ. ಅದೇ ಧಾರವಾಡದ ಕರ್ನಾಟಕ ಕಾಲೇಜಿನ ಆವರಣದಲ್ಲಿ ಸೃಜನಾ ರಂಗಮಂದಿರವೇ ನಿಂತಿದೆ.

ಅಷ್ಟು ದೊಡ್ಡದನ್ನು ಇಲ್ಲಿ ಯಾರೂ ಕೇಳುತ್ತಿಲ್ಲ. ಪತ್ರಾಸಿನ ಶೆಡ್ಡಂತೂ ಬ್ಯಾಡ. ಮಳಿ ಬಂದರೆ ಹಾಡಿದವನ ಸ್ವರ ಅವನಿಗೇ ಕೇಳಿಸದು. ದಪ್ಪ ಗೋಡೆಯ ಒಂದು ಖೋಲಿ, ಜಮಖಾನಿ, ಎರಡು ತಂಬೂರಿ, ಒಂದು ಜೋಡಿ ತಬಲಾ ಸಾಕು. ಬೀಗದ ಕೈ ಮಾತ್ರ ಕಲಿಸುವವರ ಹತ್ತಿರ ಇರಲಿ. ತಂಬೂರಿಯ ಬುರುಡೆ ಸೋರೆಯದು, ಹಳೇ ಬೆಂಚಿನ ಸಂದಿಯೊಳಗ ತುರುಕಿದರೆ ಉಳಿದೀತೆ?

ಗ್ಯಾದರಿಂಗಿಗೆ ಪಟ್ಟಿ ಕೊಡುವ ಅಂಗಡಿಕಾರರು ಈ ಸಲ ರೊಕ್ಕ ಕೊಡುವ ಮುಂಚೆ ಆಡಳಿತ ಮಂಡಳಿಯವರನ್ನು ಕೇಳಲಿ: ಪೆಂಡಾಲಿಗೆಷ್ಟು, ಖೋಲಿಗೆಷ್ಟು? ಕ್ಲಾಸು ಬಿಟ್ಟ ಮೇಲೆ ಬಸ್ ಬರುವತನಕ ಹುಡುಗರು ಸ್ಟ್ಯಾಂಡಿನಲ್ಲಿ ನಿಂತು ಕಳೆಯುವ ಒಂದು ತಾಸು ಆ ಖೋಲಿಯೊಳಗ ಕಳೆಯಲಿ.