ಪೆಟ್ಟಿಗೆ ಕಟ್ಟುವ ಮೊದಲು ಹಕ್ಕುಗಳ ಲೆಕ್ಕ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಿಗೆ ದುಡಿಮೆಗಾಗಿ ಊರು ಬಿಡುವುದು ಹೊಸ ಸಂಗತಿಯಲ್ಲ. ಗೋವಾ, ಪುಣೆ, ಮುಂಬಯಿಗಳ ದಾರಿ ನಮ್ಮ ಹಿರಿಯರಿಗೆ ಚೆನ್ನಾಗಿ ಪರಿಚಿತವಾಗಿತ್ತು. ಈಗ ಆ ದಾರಿ ಸಮುದ್ರ ದಾಟಿದೆ. ಪದವಿ, ಬಿ.ಎಡ್. ಮುಗಿಸಿ ಖಾಸಗಿ ಶಾಲೆಗಳಲ್ಲಿ ಅಲ್ಪ ವೇತನಕ್ಕೆ ದುಡಿಯುತ್ತಿರುವ ನಮ್ಮ ಶಿಕ್ಷಕರು ಕೊಲ್ಲಿ ರಾಷ್ಟ್ರಗಳ ಭಾರತೀಯ ಪಠ್ಯಕ್ರಮದ ಶಾಲೆಗಳತ್ತ ನೋಡುತ್ತಿದ್ದಾರೆ. ಹೆಂಡತಿ ಮಕ್ಕಳನ್ನೂ ಕರೆದೊಯ್ಯಬೇಕೆಂಬ ಹಂಬಲ ಅವರಲ್ಲಿ ಸಹಜವಾಗಿಯೇ ಇದೆ.

ಆದರೆ ಸಿದ್ಧತೆಯೆಂದರೆ ಏನು? ಪಾಸ್‌ಪೋರ್ಟ್, ವೀಸಾ, ವೈದ್ಯಕೀಯ ತಪಾಸಣೆ, ವಿಮಾನದ ಟಿಕೆಟ್ ಮತ್ತು ಡಬ್ಬಿ ತುಂಬ ಉಪ್ಪಿನಕಾಯಿ, ಚಟ್ನಿಪುಡಿ ಎಂದಷ್ಟೇ ನಾವು ತಿಳಿದಿದ್ದೇವೆ. ನಮ್ಮ ಅಭಿಪ್ರಾಯದಲ್ಲಿ ಇವೆಲ್ಲ ಸಿದ್ಧತೆಯ ಕೊನೆಯ ಭಾಗ. ವಿಶ್ವಾಸಿಯ ಪ್ರಯಾಣ ಹಕ್ಕುಗಳ ಲೆಕ್ಕದಿಂದ ಆರಂಭವಾಗಬೇಕು. ಸಾಲ ಕೊಟ್ಟವರ ಹಕ್ಕು, ಪತ್ನಿಯ ಹಕ್ಕು, ತಂದೆತಾಯಿಯ ಹಕ್ಕು, ಮಕ್ಕಳ ಹಕ್ಕು, ಬಿಟ್ಟುಹೋಗುವ ವಿದ್ಯಾರ್ಥಿಗಳ ಹಕ್ಕು. ಇವುಗಳಲ್ಲಿ ಒಂದನ್ನು ಬಾಕಿ ಉಳಿಸಿಕೊಂಡು ಹೊರಟವನು ವಿಮಾನ ಏರಬಹುದು. ಆದರೆ ನೆಮ್ಮದಿಯನ್ನು ಊರಲ್ಲೇ ಬಿಟ್ಟು ಹೋಗಿರುತ್ತಾನೆ.

ಊರು ಬಿಡುವುದು ತಪ್ಪಲ್ಲ

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸೋಣ. ಕಲಿಯಲು, ಕಲಿಸಲು ಊರು ಬಿಟ್ಟವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹಿಜ್ರತ್‌ಗೆ ಮುನ್ನವೇ ಪ್ರವಾದಿ ಮುಹಮ್ಮದ್(ಸ)ರು ಹ. ಮುಸ್‌ಅಬ್ ಬಿನ್ ಉಮೈರ್(ರ)ರನ್ನು ಮದೀನಾಕ್ಕೆ ಕಳುಹಿಸಿದ್ದು ಶಿಕ್ಷಕನಾಗಿಯೇ. ನಮ್ಮ ನೆಲದ ಉದಾಹರಣೆಯೇ ಬೇಕೆಂದರೆ ಮುಧೋಳದ ರನ್ನನಿದ್ದಾನೆ. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಹುಡುಗ ವಿದ್ಯೆಯನ್ನು ಅರಸಿ ದೂರದ ದಕ್ಷಿಣಕ್ಕೆ ನಡೆದ. ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ, ಕೊನೆಗೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಅವನು ಬಳೆಯ ಮಲಾರ ಹೊತ್ತು ಊರಲ್ಲೇ ಉಳಿದಿದ್ದರೆ ಕನ್ನಡಕ್ಕೆ ದೊಡ್ಡ ನಷ್ಟವಾಗುತ್ತಿತ್ತು.

ಹೋಗಬೇಕೋ ಬೇಡವೋ ಎಂಬುದಕ್ಕಿಂತ ಏಕೆ ಮತ್ತು ಹೇಗೆ ಎಂಬುದು ಮುಖ್ಯ. ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆಯೆಂದು ಕಲಿಸುವ ಪ್ರಸಿದ್ಧ ಹದೀಸ್ ತನ್ನ ಉದಾಹರಣೆಯಾಗಿ ಆರಿಸಿಕೊಂಡಿರುವುದು ವಲಸೆಯನ್ನೇ ಎಂಬುದು ಚಿಂತನಾರ್ಹ. ಕುಟುಂಬದ ಗೌರವದ ಬದುಕಿಗಾಗಿ ಹೊರಡುವುದು ಪುಣ್ಯದ ಉದ್ದೇಶ. ಓಣಿಯಲ್ಲಿ ಇನ್ನೊಬ್ಬರು ಎರಡು ಅಂತಸ್ತಿನ ಮನೆ ಕಟ್ಟಿಸಿದರೆಂಬ ಕಾರಣಕ್ಕೆ ಹೊರಡುವುದು ಬೇರೆಯೇ ಮಾತು.

ಸಾಲ ಕೊಟ್ಟವರ ಹಕ್ಕು

ಹಿಜ್ರತ್‌ನ ರಾತ್ರಿಯನ್ನು ನೆನೆಯೋಣ. ಮಕ್ಕಾದ ಶತ್ರುಗಳು ಪ್ರವಾದಿ(ಸ)ರ ಮನೆಯನ್ನು ಸುತ್ತುವರಿದಿದ್ದರು. ಆದರೂ ಅದೇ ಜನರ ಅಮಾನತ್ತುಗಳು ಆ ಮನೆಯಲ್ಲಿದ್ದವು. ಅವುಗಳನ್ನು ಅವರವರಿಗೆ ತಲುಪಿಸಲೆಂದೇ ಹ. ಅಲಿ(ರ)ರನ್ನು ಹಿಂದೆ ಉಳಿಸಲಾಯಿತು. ಪ್ರಾಣಕ್ಕೆ ಹೊಂಚುಹಾಕಿದವರ ವಸ್ತುವನ್ನೂ ಹಿಂದಿರುಗಿಸದೆ ಊರು ಬಿಡಲಾಗದೆಂದರೆ, ಕಿರಾಣಿ ಅಂಗಡಿಯ ಉದ್ರಿ, ಸಂಬಂಧಿಕರ ಕೈಗಡ, ಸಹಕಾರಿ ಸಂಘದ ಕಂತುಗಳನ್ನು ಮರೆತು ಹೊರಡಲು ನಮಗೆ ಯಾವ ರಿಯಾಯಿತಿ ಇದೆ? ಎಲ್ಲವನ್ನೂ ತೀರಿಸಲಾಗದಿದ್ದರೆ ಪಟ್ಟಿ ಬರೆದು, ಸಾಲ ಕೊಟ್ಟವರನ್ನು ಕಂಡು, ಅವಧಿ ಕೇಳಿ, ಮನೆಯ ಹೊಣೆಗಾರನೊಬ್ಬನ ಕೈಗೆ ಆ ಪಟ್ಟಿಯನ್ನು ಕೊಟ್ಟು ಹೋಗಬೇಕು.

ಇನ್ನು ಪ್ರಯಾಣಕ್ಕಾಗಿಯೇ ಮಾಡುವ ಸಾಲ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ನೇಮಕಾತಿ ಏಜೆಂಟರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿಯ ಮಿತಿಯಿದೆ. ಅದರ ಮೇಲೆ ಜಿಎಸ್‌ಟಿ. ಲಕ್ಷಗಳಲ್ಲಿ ಮಾತನಾಡುವವನು, ರಸೀದಿ ಕೊಡದವನು, ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳಿ ಎನ್ನುವವನು ಎಷ್ಟೇ ಪರಿಚಿತನಾಗಿದ್ದರೂ ಅವನಿಂದ ದೂರವಿರಿ. ಏಜೆಂಟನ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಎರಡು ಲಕ್ಷವನ್ನು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದವನು ವರ್ಷಕ್ಕೆ 72,000 ರೂಪಾಯಿ ಬಡ್ಡಿಯನ್ನೇ ಕಟ್ಟುತ್ತಾನೆ. ಅಸಲು ಹಾಗೆಯೇ ಇರುತ್ತದೆ. ಹಲಾಲ್ ದುಡಿಮೆಯ ದಾರಿಯನ್ನು ನಿಷಿದ್ಧ ಬಡ್ಡಿಯಿಂದ ತೆರೆಯುವುದು ಎಂತಹ ವಿಪರ್ಯಾಸ!

ಪತ್ನಿಯ ಒಡವೆಯ ಬಗ್ಗೆಯೂ ಹೇಳಲೇಬೇಕು. ಮಹ್ರ್ ಅವಳದು. ತವರಿನಿಂದ ಬಂದ ಬಂಗಾರವೂ ಅವಳದು. ಅವಳು ಮನಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡನು ಅದನ್ನು ಬಳಸಬಹುದೆಂದು ಸೂರಃ ಅನ್ನಿಸಾದ ಆರಂಭದಲ್ಲೇ ಕುರ್‌ಆನ್ ತಿಳಿಸುತ್ತದೆ. ಅತ್ತೆ ಮಾವ ನಾದಿನಿಯರ ನಡುವೆ ಕೂಡಿಸಿ ಕೇಳಿದಾಗ ಹೊರಬೀಳುವ ಮೌನವನ್ನು ಮನಸಾರೆ ಕೊಟ್ಟ ಒಪ್ಪಿಗೆ ಎನ್ನಲಾಗದು. ಅದನ್ನು ಅಡವಿಡುವುದೇ ಆದರೆ ಅವಳಿಂದ ಪಡೆದ ಸಾಲವೆಂದು ಬರೆದಿಡಿ, ಮೊದಲ ಸಂಬಳಗಳಲ್ಲೇ ಬಿಡಿಸಿಕೊಡಿ.

ಬರೆದ ಮಾತಿಗೆ ಬೆಲೆ

ಪರದೇಶದಲ್ಲಿ ದುಡಿದ ಒಬ್ಬ ಪ್ರವಾದಿಯ ಕರಾರು ಕುರ್‌ಆನಿನಲ್ಲಿದೆ. ಈಜಿಪ್ಟಿನಿಂದ ಮದ್‌ಯನ್‌ಗೆ ಬಂದ ಹ. ಮೂಸಾ(ಅ)ರಿಗೆ ಅಲ್ಲಿನ ವೃದ್ಧರು ಮಗಳನ್ನು ಕೊಡುವಾಗ ಎಂಟು ವರ್ಷಗಳ ದುಡಿಮೆಯ ಷರತ್ತನ್ನು ಹೇಳಿದರು. ಹತ್ತು ಪೂರೈಸುವುದು ಮೂಸಾ(ಅ)ರ ಇಚ್ಛೆಗೆ ಬಿಟ್ಟದ್ದು ಎಂದರು. ಕಷ್ಟಕ್ಕೆ ಗುರಿಪಡಿಸುವ ಮನಸ್ಸು ತಮಗಿಲ್ಲವೆಂದೂ ತಿಳಿಸಿದರು. ಮೂಸಾ(ಅ)ರು ಅಲ್ಲಾಹನನ್ನು ಸಾಕ್ಷಿಯಾಗಿಸಿ ಒಪ್ಪಿದರು. ಅವಧಿ ಮುಗಿಸಿದ ಬಳಿಕವೇ ಕುಟುಂಬದೊಂದಿಗೆ ಹೊರಟರು. ಅವಧಿ, ಪ್ರತಿಫಲ, ಮಿತಿ, ಸಾಕ್ಷಿ, ಎಲ್ಲವೂ ಆ ಕರಾರಿನಲ್ಲಿದ್ದವು. ಕುರ್‌ಆನಿನ ಅತಿ ದೀರ್ಘ ವಚನವು ಸಾಲದ ವ್ಯವಹಾರವನ್ನು ಬರೆದಿಡಬೇಕೆಂಬುದರ ಕುರಿತೇ ಇದೆ. ಹೀಗಿರುವಾಗ ನಮ್ಮವರು ಮೂಲ ಕರಾರನ್ನು ಓದದೆ, ವಾಟ್ಸ್ಆ್ಯಪ್‌ನಲ್ಲಿ ಬಂದ ಒಂದು ಧ್ವನಿಸಂದೇಶವನ್ನು ನಂಬಿ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವುದನ್ನು ತವಕ್ಕುಲ್ ಎನ್ನಲು ಸಾಧ್ಯವಿಲ್ಲ.

ಕರಾರಿನಲ್ಲಿ ಮೂಲವೇತನ ಎಷ್ಟು, ವಸತಿ ಯಾರದು, ಬೇಸಿಗೆ ರಜೆಗೆ ಸಂಬಳ ಉಂಟೇ, ಎಷ್ಟು ಮಕ್ಕಳಿಗೆ ಶುಲ್ಕ ರಿಯಾಯಿತಿ, ಕುಟುಂಬದ ವೀಸಾ ಮತ್ತು ಟಿಕೆಟಿನ ಖರ್ಚು ಯಾರದು ಎಂಬ ಐದು ಪ್ರಶ್ನೆಗಳಿಗೆ ಬರೆದ ಉತ್ತರವಿರಬೇಕು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ಕನಿಷ್ಠ 4,000 ದಿರ್ಹಮ್ ವೇತನ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಇದು ವೀಸಾ ಸಿಗಲು ಬೇಕಾದ ಮೊತ್ತವೇ ಹೊರತು ಸಂಸಾರ ನಡೆಸಲು ಸಾಕಾಗುವ ಮೊತ್ತವಲ್ಲ. ಸೌದಿ ಅರೇಬಿಯಾ 2017ರಲ್ಲಿ ಅವಲಂಬಿತರ ಮೇಲೆ ತಲಾ ಮಾಸಿಕ 100 ರಿಯಾಲ್ ಶುಲ್ಕ ವಿಧಿಸಿತು. 2020ರ ಹೊತ್ತಿಗೆ ಅದು 400 ರಿಯಾಲ್ ಆಯಿತು. ಈ ದರದಲ್ಲಿ ಹೆಂಡತಿ ಮತ್ತು ಮೂವರು ಮಕ್ಕಳಿಗೆ ತಿಂಗಳಿಗೆ 1,600 ರಿಯಾಲ್, ವರ್ಷಕ್ಕೆ 19,200 ರಿಯಾಲ್. ತಿಂಗಳಿಗೆ 4,000 ರಿಯಾಲ್ ಪಡೆಯುವ ಶಿಕ್ಷಕನಿಗೆ ಮನೆ ಬಾಡಿಗೆಗೆ ಮುನ್ನವೇ ನೂರರಲ್ಲಿ ನಲವತ್ತು ಭಾಗ ಇಲ್ಲದಾದಂತೆ. ಹೊರಡುವ ಮುನ್ನ ಆಯಾ ದೇಶದ ಅಂದಿನ ದರವನ್ನು ತಿಳಿದು ಈ ಗುಣಾಕಾರವನ್ನು ಮನೆಮಂದಿಯೆಲ್ಲ ಕೂತು ಮಾಡಬೇಕು.

ಕಾಗದಪತ್ರಗಳ ವಿಷಯವನ್ನು ಚುಟುಕಾಗಿ ಹೇಳಿಬಿಡೋಣ. ಪದವಿಪತ್ರಕ್ಕೆ ಸರ್ಕಾರದ ದೃಢೀಕರಣ ಬೇಕು. ಸೌದಿ, ಒಮಾನ್, ಬಹರೈನ್‌ಗಳಲ್ಲಿ ಅಪೊಸ್ಟಿಲ್ ಮುದ್ರೆ ನಡೆಯುತ್ತದೆ. ಯುಎಇಯಂತಹ ದೇಶಗಳಿಗೆ ಅವುಗಳ ರಾಯಭಾರ ಕಚೇರಿಯ ದೃಢೀಕರಣವೂ ಬೇಕಾಗುತ್ತದೆ. ಕುಟುಂಬದ ವೀಸಾಕ್ಕೆ ಮಸೀದಿಯ ನಿಕಾಹ್‌ನಾಮೆಯೊಂದನ್ನೇ ನೆಚ್ಚಿಕೊಳ್ಳದೆ ವಿವಾಹವನ್ನು ಸರ್ಕಾರದಲ್ಲಿ ನೋಂದಾಯಿಸಿರಿ. ನಮ್ಮ ಭಾಗದ ದೊಡ್ಡ ತೊಡಕು ಹೆಸರಿನದು. ಶಾಲೆಯ ದಾಖಲೆಯಲ್ಲಿ ‘ಸಾಬ’, ಆಧಾರ್‌ನಲ್ಲಿ ಅದಿಲ್ಲ. ಒಂದರಲ್ಲಿ ‘ಬೇಗಂ’, ಇನ್ನೊಂದರಲ್ಲಿ ‘ಬಿ’. ಅಣ್ಣನ ಅಡ್ಡಹೆಸರು ಮುಲ್ಲಾ, ತಮ್ಮನದು ಜಮಾದಾರ. ಇದನ್ನು ಸರಿಪಡಿಸಲು ತಿಂಗಳುಗಳೇ ಹಿಡಿಯುವುದರಿಂದ ಮೊದಲ ಕೆಲಸವಾಗಿ ಇದನ್ನೇ ಕೈಗೆತ್ತಿಕೊಳ್ಳಬೇಕು.

ಮನೆಯವರ ಸಮ್ಮತಿ

ಹಸುಗೂಸಿಗೆ ಮೊಲೆಹಾಲು ಬಿಡಿಸುವುದಕ್ಕೂ ತಂದೆತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಬೇಕೆಂದು ಸೂರಃ ಅಲ್‌ಬಕರಃ ಸೂಚಿಸುತ್ತದೆ. ಹಾಲು ಬಿಡಿಸಲು ಸಮಾಲೋಚನೆ ಬೇಕೆಂದಾದರೆ ಮಗುವಿನ ಊರು, ಶಾಲೆ, ಭಾಷೆ, ಅಜ್ಜ ಅಜ್ಜಿಯನ್ನೇ ಬಿಡಿಸುವಾಗ ಎಷ್ಟು ಬೇಕು? ಹುದೈಬಿಯಾದ ಬಿಕ್ಕಟ್ಟಿನಲ್ಲಿ ಪ್ರವಾದಿ(ಸ)ರು ಹ. ಉಮ್ಮು ಸಲಮಾ(ರ)ರ ಸಲಹೆಯಂತೆ ನಡೆದರು. ನಮ್ಮಲ್ಲಿಯಾದರೋ ಪತ್ನಿಗೆ ವಿಷಯ ತಿಳಿಯುವುದು ಅನೇಕ ವೇಳೆ ವೀಸಾ ಬಂದ ಮೇಲೆ. ಅವಳಿಗೂ ಇಲ್ಲಿ ಒಂದು ಕೆಲಸವಿರಬಹುದು, ವೃದ್ಧ ತಾಯಿಯಿರಬಹುದು. ಅಲ್ಲಿ ಮೂರನೆಯ ಮಹಡಿಯ ಒಂದು ಕೋಣೆಯಲ್ಲಿ ದಿನವಿಡೀ ಕಳೆಯಬೇಕಾದವಳು ಅವಳು. ಆದ್ದರಿಂದ ಬೇಡವೆನ್ನುವ ಅವಕಾಶವೂ ಅವಳಿಗಿರಬೇಕು.

ತಂದೆತಾಯಿಯ ವಿಷಯದಲ್ಲಿ ಹಣ ಕಳುಹಿಸುತ್ತೇವೆ ಎಂಬ ಉತ್ತರ ಅಪೂರ್ಣ. ನಡುರಾತ್ರಿ ಎದೆನೋವು ಬಂದರೆ ಬಾಗಲಕೋಟೆಗೋ ಮಿರಜಿಗೋ ಕರೆದೊಯ್ಯುವವರು ಯಾರು? ಆ ಹೆಸರು ಹೊರಡುವ ಮೊದಲೇ ನಿಶ್ಚಯವಾಗಬೇಕು. ಊರಲ್ಲಿ ಉಳಿಯುವ ತಮ್ಮನೋ ತಂಗಿಯೋ ಆ ಹೊರೆಯನ್ನು ಒಪ್ಪಿಕೊಂಡಿರಬೇಕು. ಉಳಿದವರ ಸೇವೆಯು ಹೋದವರ ಹಣಕ್ಕಿಂತ ಕಡಿಮೆಯದೆಂದು ಯಾರೂ ಎಣಿಸಬಾರದು.

ನಮ್ಮ ಸಲಹೆ ಇಷ್ಟು: ಮೊದಲು ಶಿಕ್ಷಕನೊಬ್ಬನೇ ಹೋಗಲಿ. ಯುಎಇಯಲ್ಲಿ ಪರೀಕ್ಷಾರ್ಥ ಅವಧಿ ಗರಿಷ್ಠ ಆರು ತಿಂಗಳು. ಅದು ದಾಟಿ ಕೆಲಸ ಗಟ್ಟಿಯಾದ ಮೇಲೆ ಕುಟುಂಬ ಬರಲಿ. ಹಾಗೆಂದು ಈ ಅಗಲಿಕೆ ವರ್ಷಗಟ್ಟಲೆ ಎಳೆಯಬಾರದು. ಹ. ಉಮರ್(ರ)ರು ಮಗಳು ಹಫ್ಸಾ(ರ)ರನ್ನು ಕೇಳಿ, ಸೈನಿಕರು ಪತ್ನಿಯರಿಂದ ದೂರವಿರುವ ಅವಧಿಗೆ ಕೆಲವೇ ತಿಂಗಳುಗಳ ಮಿತಿ ಹಾಕಿದ ವರದಿ ಪ್ರಸಿದ್ಧವಾಗಿದೆ. ವರ್ಷದೊಳಗೆ ಕರೆಸಿಕೊಳ್ಳಲಾಗದಿದ್ದರೆ ಹಿಂದಿರುಗುವುದನ್ನೂ ಗಂಭೀರವಾಗಿ ಯೋಚಿಸಬೇಕು.

ಮಕ್ಕಳ ಓದು, ಮಕ್ಕಳ ಕನ್ನಡ

ಕೊಲ್ಲಿಯ ಭಾರತೀಯ ಶಾಲೆಗಳ ವರ್ಷ ಏಪ್ರಿಲ್‌ನಲ್ಲಿ ಆರಂಭ. ನಮ್ಮಲ್ಲಿ ಮೇ ಕೊನೆ, ಜೂನ್. ಒಂಬತ್ತನೆಯ ತರಗತಿ ದಾಟಿದ ಮಗುವನ್ನು ಒಂದು ಮಂಡಳಿಯಿಂದ ಇನ್ನೊಂದಕ್ಕೆ ಬದಲಿಸುವುದು ಕಷ್ಟ. ಅಂತಹ ಮಗುವಿರುವ ಮನೆ ಎಸೆಸೆಲ್ಸಿ ಮುಗಿಯುವವರೆಗೆ ಕಾಯುವುದು ಲೇಸು. ನಮ್ಮ ರಾಜ್ಯದ ವೃತ್ತಿಶಿಕ್ಷಣ ಪ್ರವೇಶದ ಸಾಮಾನ್ಯ ನಿಯಮ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕೆನ್ನುತ್ತದೆ. ಬೇರೆ ಕಲಂಗಳೂ ಇವೆ, ಕೆಲವು ತಂದೆತಾಯಿ ಇಲ್ಲಿ ಓದಿದ್ದನ್ನು ಪರಿಗಣಿಸುತ್ತವೆ. ಆದ್ದರಿಂದ ಮಕ್ಕಳ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿ, ನಿಮ್ಮದನ್ನೂ ಅದರೊಡನೆ ಜೋಪಾನವಾಗಿಡಿ.

ಭಾಷೆಯ ಪ್ರಶ್ನೆ ಇದಕ್ಕಿಂತ ಆಳವಾದುದು. ಯುಎಇಯ ಖಾಸಗಿ ಶಾಲೆಗಳಲ್ಲಿ ಮುಸ್ಲಿಮ್ ಮಕ್ಕಳಿಗೆ ಇಸ್ಲಾಮೀ ಶಿಕ್ಷಣ ಕಡ್ಡಾಯ, ಅರಬಿಯೂ ಸಿಗುತ್ತದೆ. ಕಳೆದುಹೋಗುವುದು ಕನ್ನಡ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಇಂಗ್ಲಿಷ್ ಎಂದಾದಾಗ ಕನ್ನಡಕ್ಕೆ ಅಲ್ಲಿ ಓಣಿಯೇ ಇರುವುದಿಲ್ಲ. ಆದರೆ ಕೊಲ್ಲಿಯ ಉದ್ಯೋಗ ಕರಾರಿನಷ್ಟೇ ಕಾಲದ್ದು. ಒಂದು ದಿನ ಮರಳಬೇಕು. ಆಗ ಪಹಣಿ ಓದಲಾರದ, ನೆರೆಮನೆಯ ಅಜ್ಜಿಯೊಡನೆ ಮಾತಾಡಲಾರದ, ನೆರೆಹೊರೆಯವರಿಗೆ ತನ್ನ ಧರ್ಮವನ್ನು ಅವರ ನುಡಿಯಲ್ಲಿ ತಿಳಿಸಲಾರದ ಮಗ ತನ್ನ ಊರಿನಲ್ಲೇ ಪರದೇಶಿಯಾಗುತ್ತಾನೆ. ದುಬೈಯಲ್ಲಿ ‘ಕನ್ನಡ ಮಿತ್ರರು’ ನಡೆಸುವ ಕನ್ನಡ ಪಾಠಶಾಲೆಯಂತಹ ಪ್ರಯತ್ನಗಳಿವೆ. ಅಲ್ಲಿರುವವರು ಅದನ್ನು ಬಳಸಿಕೊಳ್ಳಲಿ. ಬೇರೆಡೆ ಇರುವವರು ಒಂದರಿಂದ ಐದನೆಯ ತರಗತಿಯವರೆಗಿನ ಕನ್ನಡ ಪಠ್ಯಪುಸ್ತಕಗಳನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳಲಿ. ಮುಸ್‌ಹಫ್‌ನ ಜೊತೆಗೆ ಅವುಗಳಿಗೂ ಜಾಗವಿರಲಿ. ದಿನಕ್ಕೆ ಅರ್ಧ ಗಂಟೆ ಸಾಕು.

ಬಿಟ್ಟುಹೋಗುವ ತರಗತಿ

ಶಿಕ್ಷಕನ ವಲಸೆಗೂ ಬೇರೆಯವರ ವಲಸೆಗೂ ಒಂದು ವ್ಯತ್ಯಾಸವಿದೆ. ಅವನ ಹಿಂದೆ ಒಂದು ತರಗತಿ ಉಳಿಯುತ್ತದೆ. ಪರೀಕ್ಷೆಗೆ ಎರಡು ತಿಂಗಳಿರುವಾಗ ಗಣಿತ ಶಿಕ್ಷಕ ಹೇಳದೆ ಹೋದರೆ ಆ ನಲವತ್ತು ಮಕ್ಕಳ ಹಕ್ಕನ್ನು ಯಾವ ರಿಯಾಲ್ ತುಂಬೀತು? ಮೂಸಾ(ಅ)ರು ತಮ್ಮ ಅವಧಿಗಳಲ್ಲಿ ಹೆಚ್ಚಿನದನ್ನೇ ಪೂರೈಸಿದರೆಂದು ವರದಿಗಳಿವೆ. ಸಾಧ್ಯವಾದಷ್ಟು ಮಟ್ಟಿಗೆ ಶೈಕ್ಷಣಿಕ ವರ್ಷ ಮುಗಿಸಿ, ಮುಂಚಿತವಾಗಿ ತಿಳಿಸಿ, ಬರುವವರಿಗೆ ಪಾಠದ ಲೆಕ್ಕ ಒಪ್ಪಿಸಿ ಹೋಗಬೇಕು. ಮೊಹಲ್ಲಾದ ಮಕ್ತಬ್‌ನಲ್ಲಿ ಕಲಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಬೀಳಗಿ ತಾಲೂಕಿನ ಹಿರಿಯರಿಗೆ ಊರು ಬಿಡುವುದೆಂದರೇನೆಂದು ಗೊತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಅವರಿಗೆ ಆಯ್ಕೆಯಿರಲಿಲ್ಲ. ಇಂದು ಹೊರಡುವವರಿಗೆ ಆಯ್ಕೆಯಿದೆ. ಆದ್ದರಿಂದಲೇ ಹೊಣೆಯೂ ಇದೆ. ಭಟ್ಕಳದವರಿಗೆ, ಮಂಗಳೂರಿನವರಿಗೆ ಕೊಲ್ಲಿಯಲ್ಲಿ ತಲೆಮಾರುಗಳ ನಂಟಿದೆ. ಇಳಿದ ದಿನ ಬರಮಾಡಿಕೊಳ್ಳಲು ತಮ್ಮವರೇ ಕಟ್ಟಿದ ಜಮಾಅತ್‌ಗಳಿವೆ. ನಮ್ಮ ನಾಲ್ಕು ತಾಲೂಕುಗಳ ಶಿಕ್ಷಕನಿಗೆ ಅಂತಹ ಆಸರೆ ವಿರಳ. ಅದನ್ನು ಇಲ್ಲಿಂದಲೇ ಕಟ್ಟಲು ಆರಂಭಿಸಬಹುದು. ನಮ್ಮ ಅಂಜುಮನ್‌ಗಳು ಮತ್ತು ಮಸೀದಿ ಕಮಿಟಿಗಳು ಹೋಗಿ ಬಂದ ಇಬ್ಬರು, ಕಾನೂನು ಬಲ್ಲ ಒಬ್ಬರು, ಆಲಿಮ್ ಒಬ್ಬರನ್ನು ಕೂಡಿಸಿ, ಹೊರಡುವವರ ಕರಾರು ಓದಿಕೊಡಲಿ, ಸಾಲದ ಪಟ್ಟಿಗೆ ಸಾಕ್ಷಿಯಾಗಲಿ, ಉಳಿಯುವ ತಂದೆತಾಯಿಯನ್ನು ತಿಂಗಳಿಗೊಮ್ಮೆ ವಿಚಾರಿಸಲಿ. ಇದಕ್ಕೆ ಕಟ್ಟಡವೂ ಬೇಡ, ಚಂದಾ ಎತ್ತುವುದೂ ಬೇಡ. ಜುಮಾ ನಮಾಝಿನ ಬಳಿಕ ಒಂದು ಗಂಟೆ ಸಾಕು.

ಹೊರಡುವ ಸಹೋದರ ಸಹೋದರಿಯರಿಗೆ ಅಲ್ಲಾಹನು ಹಲಾಲ್ ಜೀವನಾಧಾರವನ್ನೂ, ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಶಕ್ತಿಯನ್ನೂ, ಕ್ಷೇಮವಾಗಿ ಮರಳುವ ಭಾಗ್ಯವನ್ನೂ ದಯಪಾಲಿಸಲಿ. ಊರಲ್ಲಿ ಉಳಿಯುವ ನಮಗೆ ಅವರ ಮನೆಯವರನ್ನು ನಮ್ಮವರಂತೆ ಕಾಣುವ ತೌಫೀಕ್ ನೀಡಲಿ. ಆಮೀನ್.