ಚೊಚ್ಚಲ ಹೆರಿಗೆಗೆ ಮಗಳು ಬಂದಾಗ

ಸೀಮಂತ ಮುಗಿಯಿತು. ಹಸಿರು ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು ಮಗಳು ತವರಿಗೆ ಬಂದಳು. ಅವಳಿಗೆ ಇಷ್ಟವೆಂದು ನೀವು ಕೋಡುಬಳೆ ಕರಿದಿಟ್ಟಿದ್ದೀರಿ, ಬಾಣಂತಿ ಕೋಣೆಗೆ ಸುಣ್ಣ ಹೊಡೆಸಿದ್ದೀರಿ. ಸಂತೋಷ. ಆದರೆ ಗೆಳತಿಯರೇ, ಒಂದು ವಿಷಯ ಯೋಚಿಸಿದ್ದೀರಾ? ಇಷ್ಟು ದಿನ ಅವಳನ್ನು ನೋಡುತ್ತಿದ್ದ ಡಾಕ್ಟರು, ನರ್ಸಮ್ಮ ಎಲ್ಲರೂ ಗಂಡನ ಊರಿನಲ್ಲೇ ಉಳಿದರು. ಬಸುರಿಯರಿಗೆ ರಕ್ತದೊತ್ತಡ ಹೆಚ್ಚಾಗಿ ಏರುವುದೋ, ಈ ಕೊನೆಯ ತಿಂಗಳುಗಳಲ್ಲೇ. ಹಾಗಾಗಿ ಇನ್ನು ಮುಂದೆ ಅವಳ ಮೊದಲ ದಾದಿ ನೀವೇ.

ಬಂದ ವಾರದಲ್ಲೇ

ಮಗಳ ಚೀಲದಿಂದ ಮೊದಲು ಹೊರಗೆ ಬರಬೇಕಾದ್ದು ಸೀರೆಯಲ್ಲ, ತಾಯಿ ಕಾರ್ಡು. ರಕ್ತದ ಗುಂಪು, ಬಿ.ಪಿ., ತೂಕ, ಸ್ಕ್ಯಾನಿಂಗ್ ವರದಿ ಎಲ್ಲವೂ ಅದರ ಜೊತೆಗಿರಲಿ. ಹೆರಿಗೆ ಎಲ್ಲಿ ಮಾಡಿಸಬೇಕೆಂದಿದ್ದೀರೋ ಆ ಆಸ್ಪತ್ರೆಗೆ ಅವನ್ನು ಹಿಡಿದುಕೊಂಡು ಹೋಗಿ ಹೆಸರು ಬರೆಸಿ. ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಗೂ ತಿಳಿಸಿ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರನ್ನು ಪುಕ್ಕಟೆಯಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಅಲ್ಲಿ ಹೆರಿಗೆಗೂ, ಸಿಸೇರಿಯನ್ ಆದರೂ, ಔಷಧಿಗೂ ದುಡ್ಡು ಕೊಡಬೇಕಾಗಿಲ್ಲ.

ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ ತಿಳಿದುಕೊಳ್ಳಿ. 11 ಗ್ರಾಮಿಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಮನೆಯಲ್ಲಿ ಸರಿಹೋಗುವ ಮಾತಲ್ಲ. ರಕ್ತ ಕಡಿಮೆಯಿರುವವಳಿಗೆ ಹೆರಿಗೆಯಲ್ಲಿ ಒಂದಿಷ್ಟು ರಕ್ತ ಹೋದರೂ ಪ್ರಾಣಕ್ಕೆ ಬರುತ್ತದೆ. "ಕಬ್ಬಿಣದ ಮಾತ್ರೆ ನುಂಗಿದ್ರೆ ಮಗು ಕಪ್ಪಾಗುತ್ತೆ" ಎಂದು ಯಾರಾದರೂ ಹೇಳಿಯಾರು. ಕಪ್ಪಾಗುವುದು ಮಲ ಮಾತ್ರ, ಮಗುವಲ್ಲ! ಮಾತ್ರೆಯನ್ನು ನಿಂಬೆ ಪಾನಕದ ಜೊತೆ ಕೊಡಿ, ಕಾಫಿ ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಲಿ. ನುಗ್ಗೆಸೊಪ್ಪಿನ ಪಲ್ಯ, ಮೊಳಕೆ ಹುರುಳಿ ಸಾರು, ರಾಗಿ, ಹಾಲು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲ ನಡೆಯಲಿ. ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತೆಂದು ಅವಳ ತಟ್ಟೆಯಿಂದ ತುತ್ತು ಕಡಿಮೆ ಮಾಡಬೇಡಿ.

ನಾಳೆ ನೋಡೋಣ ಎನ್ನಬೇಡಿ

ಸಂಜೆ ಹೊತ್ತಿಗೆ ಬಸುರಿಯ ಕಾಲು ಒಂದಿಷ್ಟು ಊದುವುದುಂಟು. ಆದರೆ ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ, ಬೆರಳಿನ ಉಂಗುರ ಬಿಗಿಯಾದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗೂಡಿನ ಕೆಳಗೆ ನೋವೆಂದರೆ, ಇವುಗಳಲ್ಲಿ ಒಂದೇ ಒಂದು ಕಂಡರೂ ಅದೇ ದಿನ ಬಿ.ಪಿ. ನೋಡಿಸಿ. 140/90 ಮುಟ್ಟಿತೆಂದರೆ ಡಾಕ್ಟರ ಸಲಹೆ ಬೇಕೇ ಬೇಕು. ತಲೆನೋವಿಗೆ ದೃಷ್ಟಿ ನಿವಾಳಿಸಿ, ಹೊಟ್ಟೆನೋವಿಗೆ "ಗ್ಯಾಸು" ಎಂದು ಜೀರಿಗೆ ಕಷಾಯ ಕುಡಿಸಿ ಕೂತರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಕುತ್ತಾದೀತು. ದೃಷ್ಟಿ ಬೇಕಾದರೆ ತೆಗೆಯಿರಿ, ಆಟೋ ಬರುವುದರೊಳಗೆ!

ರಕ್ತ ಕಂಡರೂ, ಜ್ವರ ಬಂದರೂ, ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆಯಾದರೂ ಹೀಗೆಯೇ ಕೂಡಲೇ ಹೊರಡಬೇಕು. "ಯಾಕೋ ಬೆಳಿಗ್ಗೆಯಿಂದ ಒದೀತಾ ಇಲ್ಲಮ್ಮ" ಎಂದು ಮಗಳು ಹೇಳಿದಾಗ, "ಅಯ್ಯೋ, ನಾವೇನು ಹೆತ್ತಿಲ್ವಾ?" ಎಂದು ಬಾಯಿ ಮುಚ್ಚಿಸಬೇಡಿ. ನಾವು ಹೆತ್ತಿದ್ದೇವೆ, ನಿಜ. ಆದರೆ ಈ ಬಸುರು ಅವಳದು. ಅದರ ಸುದ್ದಿ ಅವಳಿಗೆ ಗೊತ್ತಾದಷ್ಟು ನಮಗೆ ಗೊತ್ತಾಗುವುದಿಲ್ಲ. ಅವಳ ಮಾತಿಗೆ ಕಿವಿಗೊಡುವುದೇ ಆರೈಕೆಯಲ್ಲಿ ಮುಕ್ಕಾಲು ಪಾಲು.

ನೋವು ಶುರುವಾದಾಗ

ಸುಳ್ಳುನೋವು ನಾಲ್ಕು ಹೆಜ್ಜೆ ಓಡಾಡಿದರೆ ಅಡಗುತ್ತದೆ. ನಿಜವಾದ ಬೇನೆ ಬರಬರುತ್ತಾ ಜೋರಾಗುತ್ತದೆ, ಹತ್ತಿರವಾಗುತ್ತದೆ. ಗಡಿಯಾರ ನೋಡಿ ಬರೆದಿಡಿ. ಐದು ನಿಮಿಷಕ್ಕೊಮ್ಮೆ ಬಂದು ಸುಮಾರು ಒಂದು ನಿಮಿಷ ನಿಲ್ಲುವಂತಾದರೆ ಹೊರಡಿ. ಆಸ್ಪತ್ರೆ ದೂರವಿದ್ದರೆ ಇನ್ನೂ ಮುಂಚೆ. ನೀರೊಡೆದರೆ ನೋವಿಲ್ಲದಿದ್ದರೂ ಹೊರಡಿ. ಆ ನೀರು ಹಸಿರು ಬಣ್ಣಕ್ಕಿದ್ದರೆ ನರ್ಸಿಗೆ ಮರೆಯದೆ ಹೇಳಿ. ವಾಹನ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಹೆರುವವಳ ಜೊತೆ ಮನೆಯ ಒಬ್ಬ ಹೆಂಗಸು ಇರಲು 2016ರಲ್ಲೇ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಕೇಳಿಕೊಂಡು ಒಳಗೆ ಹೋಗಿ. ಸೊಂಟ ನೀವಿ, ಮುಖ ಒರೆಸಿ, ಡಾಕ್ಟರು ಬೇಡವೆನ್ನದಿದ್ದರೆ ಗುಟುಕು ಗುಟುಕಾಗಿ ಎಳನೀರೋ ಗಂಜಿ ತಿಳಿಯೋ ಕೊಡಿ. ನಡೆಯುತ್ತೇನೆಂದರೆ ಕೈಹಿಡಿದು ನಡೆಸಿ. ನರ್ಸಮ್ಮ ಮತ್ತೆ ಮತ್ತೆ ಬಂದು ಕೇಳುವುದು ಮಗುವಿನ ಎದೆಬಡಿತ. ಅದು ನಿಮಿಷಕ್ಕೆ 110ರಿಂದ 160ರೊಳಗಿರಬೇಕು. ಗರ್ಭದ ಬಾಯಿ 10 ಸೆಂಟಿಮೀಟರು ಬಿಚ್ಚುವವರೆಗೆ "ಮುಕ್ಕರಿಸು, ಮುಕ್ಕರಿಸು" ಎಂದು ಅವಸರಪಡಿಸಿದರೆ ಹುಡುಗಿಗೆ ಸುಸ್ತೇ ಹೊರತು ಬೇರೇನಿಲ್ಲ. ಹೊಟ್ಟೆಯನ್ನು ಮೇಲಿಂದ ಒತ್ತುವುದಂತೂ ಕೂಡದು. "ಬೇಗ ಆಗ್ಲಿ, ಒಂದು ಸೂಜಿ ಹಾಕ್ಬಿಡಿ" ಎಂದು ದುಂಬಾಲು ಬೀಳಬೇಡಿ. ನೋವು ಬರಿಸುವ ಸೂಜಿ ಅಳತೆ ತಪ್ಪಿದರೆ ಮಗುವಿಗೆ ಉಸಿರು ಕಟ್ಟುತ್ತದೆ, ಗರ್ಭಕೋಶವೇ ಹರಿಯಬಹುದು. ಯಾವಾಗ, ಎಷ್ಟು ಎನ್ನುವುದನ್ನು ಡಾಕ್ಟರಿಗೆ ಬಿಡಿ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಪಕ್ಕದಲ್ಲಿ ಕೂತು, ಧೈರ್ಯ ಹೇಳಿ, ಕಾಯುವುದೂ ಒಂದು ವಿದ್ಯೆಯೇ.

ಹೆತ್ತ ಮೇಲಿನ ಎರಡು ಗಂಟೆ

ಮಗು ಅತ್ತಿತು, ಎಲ್ಲರೂ ತೊಟ್ಟಿಲ ಕಡೆ ಓಡಿದರು. ನೀವು ಮಾತ್ರ ಮಗಳ ಹತ್ತಿರವೇ ಇರಿ. ಹೆಚ್ಚು ರಕ್ತ ಹೋಗುವ ಅಪಾಯ ಈ ಹೊತ್ತಿನಲ್ಲೇ ದೊಡ್ಡದು. ಬಟ್ಟೆ ಬೇಗ ಬೇಗ ತೊಯ್ದು ಹೋದರೆ, ಮೈ ತಣ್ಣಗಾಗಿ ಬೆವರಿದರೆ, ತಲೆ ಸುತ್ತುತ್ತದೆಂದರೆ ಆ ಕ್ಷಣವೇ ನರ್ಸನ್ನು ಕೂಗಿ. "ಬಾಣಂತಿಗೆ ಇದೆಲ್ಲ ಸಹಜ" ಎಂದುಕೊಂಡು ಸುಮ್ಮನೆ ಕೂರಬೇಡಿ. ಮಗುವನ್ನು ತಾಯಿಯ ಎದೆಗೆ ಒತ್ತಿ ಮಲಗಿಸಿ, ಒಂದು ಗಂಟೆಯೊಳಗೆ ಮೊಲೆ ಕುಡಿಸಲಿ. ಹಳದಿ ಬಣ್ಣದ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ. ಜೇನು, ಸಕ್ಕರೆ ನೀರು, ಹರಳೆಣ್ಣೆ ಯಾವುದೂ ಬೇಡ.

ಮೊಮ್ಮಗುವನ್ನು ನೋಡಲು ಊರೆಲ್ಲ ಬರುತ್ತದೆ. ಹೆತ್ತವಳನ್ನು ನೋಡಿಕೊಳ್ಳಲು ಒಬ್ಬರಾದರೂ ಬೇಕಲ್ಲ, ಆ ಒಬ್ಬರು ನೀವಾಗಿ.

ಮುಂದಿನ ಸಂಚಿಕೆಯಲ್ಲಿ: ಬಾಣಂತಿಗೆ ನೀರು ಕೊಡಬೇಕೇ, ಬೇಡವೇ? ಪತ್ಯದ ಅಡುಗೆಗಳೊಂದಿಗೆ.