ದಾಖಲೆಯಿಂದ ಬಿಟ್ಟ ಫೈಲು

ಜಾವಾ ಕಲಿಯುವ ವಿದ್ಯಾರ್ಥಿ ತಾನು ಬರೆಯುವುದು ಒಂದು ಫೈಲು. ಕಂಪೈಲರ್ ಅದರಿಂದ 'ಕ್ಲಾಸ್' ಎಂಬ ಇನ್ನೊಂದನ್ನು ತಯಾರಿಸುತ್ತದೆ. ಮೊದಲನೆಯದು ಅಳಿಸಿಹೋದರೆ ದುಡಿಮೆಯೇ ಹೋದಂತೆ. ಎರಡನೆಯದು ಹೋದರೆ ಮತ್ತೆ ಕ್ಷಣದಲ್ಲಿ ಮಾಡಿಕೊಳ್ಳಬಹುದು.

ಪ್ರೋಗ್ರಾಮಿನ ಪ್ರತಿ ತಿದ್ದುಪಡಿಯನ್ನೂ ದಾಖಲಿಸಿಡುವ 'ಗಿಟ್' ವ್ಯವಸ್ಥೆಯನ್ನು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದರು. ಅದರಲ್ಲಿ 'ಗಿಟ್‌ಇಗ್ನೋರ್' ಎಂಬ ಪುಟ್ಟ ಪಟ್ಟಿ ಇಟ್ಟುಕೊಳ್ಳಬಹುದು. ಯಂತ್ರ ತಯಾರಿಸಿದ ಫೈಲುಗಳ ಹೆಸರನ್ನು ಅಲ್ಲಿ ಬರೆದರೆ ಗಿಟ್ ಅವುಗಳ ಗೊಡವೆಗೆ ಹೋಗುವುದಿಲ್ಲ. ಈಗಾಗಲೇ ದಾಖಲೆಗೆ ಸೇರಿದ ಫೈಲಿಗೆ ಮಾತ್ರ ಈ ಪಟ್ಟಿ ಅನ್ವಯಿಸದು. ಪಾಸ್‌ವರ್ಡ್ ಇರುವ ಫೈಲನ್ನು ಒಮ್ಮೆ ಸೇರಿಸಿ, ಆಮೇಲೆ ಪಟ್ಟಿಗೆ ಬರೆದು ಪ್ರಯೋಜನವಿಲ್ಲ.

'ನೋಡ್ ಮಾಡ್ಯೂಲ್ಸ್' ಫೋಲ್ಡರಿನಲ್ಲಿ ಸಾವಿರಾರು ಫೈಲುಗಳಿರುವುದುಂಟು. ಅದನ್ನು ಮಗ ಪೆನ್ ಡ್ರೈವಿಗೆ ತುಂಬುತ್ತ ಕೂತಿರುವುದನ್ನು ಕಂಡು ಅಪ್ಪ ಅಮ್ಮ ಹಿಗ್ಗಬೇಕಿಲ್ಲ. ಅದರಲ್ಲಿ ಅವನು ಬರೆದದ್ದು ಒಂದು ಸಾಲೂ ಇರುವುದಿಲ್ಲ. ಅದು ದಾಖಲೆಗೆ ಬೇಡ. ಆದರೆ ಜತೆಯಲ್ಲೇ ಇರುವ 'ಪ್ಯಾಕೇಜ್ ಲಾಕ್' ಫೈಲು, ಅದೂ ಯಂತ್ರದ್ದೇ ಆದರೂ, ಬೇಕು. ಯಾವ ಲೈಬ್ರರಿಯ ಯಾವ ಆವೃತ್ತಿ ಎಂಬ ಲೆಕ್ಕವೆಲ್ಲ ಅದರಲ್ಲಿದೆ. ಅದಿಲ್ಲದಿದ್ದರೆ ಮನೆಯಲ್ಲಿ ಸರಾಗವಾಗಿ ಓಡಿದ ಪ್ರಾಜೆಕ್ಟು ಪರೀಕ್ಷಕರೆದುರು ಮುಗ್ಗರಿಸೀತು. ಬಿಟ್ಟ ಫೈಲುಗಳನ್ನೆಲ್ಲ ಅಳಿಸಿ ಮತ್ತೆ ತಯಾರಿಸಿ ನೋಡಿದರೆ ಪಟ್ಟಿ ಸರಿಯಿದೆಯೇ ಎಂದು ಗೊತ್ತಾಗುತ್ತದೆ.

ಇಷ್ಟು ಸಣ್ಣ ಪಟ್ಟಿ 2024ರಲ್ಲಿ ದೊಡ್ಡದೊಂದು ಮೋಸಕ್ಕೆ ಮರೆಯಾಯಿತು. 'ಎಕ್ಸ್‌ಜೆಡ್' ಎಂಬುದು ಲಿನಕ್ಸ್ ಕಂಪ್ಯೂಟರುಗಳಲ್ಲಿ ಫೈಲುಗಳ ಗಾತ್ರ ಕುಗ್ಗಿಸುವ ತಂತ್ರಾಂಶ. ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿ, ಅದರ ಉಸ್ತುವಾರಿಯಲ್ಲಿ ಪಾಲು ಪಡೆದಿದ್ದ 'ಜಿಯಾ ಟಾನ್' ಎಂಬ ಹೆಸರಿನವರು ಫೆಬ್ರವರಿಯಲ್ಲಿ 'ಬಿಲ್ಡ್-ಟು-ಹೋಸ್ಟ್' ಎಂಬ ಫೈಲನ್ನು ಬಿಡುವ ಪಟ್ಟಿಗೆ ಸೇರಿಸಿದರು. ಯಂತ್ರ ತಯಾರಿಸುವ ಫೈಲು, ಯಾರಿಗೂ ಅನುಮಾನ ಬರಲಿಲ್ಲ. ಆದರೆ ಜನ ಇಳಿಸಿಕೊಳ್ಳುವ ಕಂತೆಯಲ್ಲಿ ಇದ್ದದ್ದು ತಿದ್ದಿದ ಪ್ರತಿ. ಕಳ್ಳಮಾಲಿನ ಬಹುಪಾಲು 'ಪರೀಕ್ಷೆಗೆ ಬೇಕಾದ ಫೈಲು' ಎಂಬ ಸೋಗಿನಲ್ಲಿ ದಾಖಲೆಯಲ್ಲೇ ಮಲಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಈ ಫೈಲಿನಲ್ಲಿದ್ದವು. ಬರೀ ದಾಖಲೆ ಓದಿದವರಿಗೆ ಅವು ಕಾಣುವಂತಿರಲಿಲ್ಲ.

ದೂರದ ಕಂಪ್ಯೂಟರಿಗೆ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ ಕೆದಕುತ್ತ ಹೋದರು. ಮಾರ್ಚ್ 29ರಂದು ವಿಷಯ ಬಹಿರಂಗವಾಯಿತು. ಕೆಟ್ಟ ಆವೃತ್ತಿ ಅಷ್ಟರಲ್ಲಿ ಡೆಬಿಯನ್, ಫೆಡೋರಾಗಳ ಪ್ರಾಯೋಗಿಕ ಆವೃತ್ತಿಗಳನ್ನು ಹೊಕ್ಕಿತ್ತು. ಡೆಬಿಯನ್ನಿನ ಸ್ಥಿರ ಆವೃತ್ತಿಗೆ ಇನ್ನೂ ಬಂದಿರಲಿಲ್ಲ.